ಗೊಂಚಲಿಗೆ ಕಾನೂನಿದೆ, ಕೊಯ್ಯುವವರಿಗೆ? ಶಾಂಪೇನ್ ಕೊಯ್ಲಿನ ಒಂದು ಪ್ರಕರಣ

2023ರ ಸೆಪ್ಟೆಂಬರ್ 14. ಫ್ರಾನ್ಸಿನ ಮಾರ್ನ್ ಜಿಲ್ಲೆಯಲ್ಲಿ ನೆಲ್-ಲ-ರೆಪೋಂ ಅಂತ ಒಂದು ಪುಟ್ಟ ಹಳ್ಳಿ. ಕಾರ್ಮಿಕ ಇಲಾಖೆಯವರು ಅಲ್ಲಿನ ಒಂದು ಕಟ್ಟಡದೊಳಗೆ ತಪಾಸಣೆಗೆ ಹೋದರು. ನೆಲದ ಮೇಲೆ ಹಾಸಿಗೆಗಳು. ಕಾಲಿಡಲಾಗದ ಶೌಚಾಲಯ. ಬಯಲಲ್ಲೇ ಅಡುಗೆ. ಅಪಾಯಕಾರಿ ವೈರಿಂಗ್. ಅಷ್ಟರೊಳಗೆ 50ಕ್ಕೂ ಹೆಚ್ಚು ಜನ ಇದ್ದರು. ಮಾಲಿ, ಮಾರಿಟೇನಿಯಾ, ಐವರಿ ಕೋಸ್ಟ್, ಸೆನೆಗಲ್ ಕಡೆಯವರು. ಬಹುತೇಕರ ಹತ್ತಿರ ಫ್ರಾನ್ಸಿನಲ್ಲಿ ಇರೋದಕ್ಕೆ ಬೇಕಾದ ಕಾಗದಪತ್ರ ಇರಲಿಲ್ಲ. ಶಾಂಪೇನ್ ಸೀಮೆಯಲ್ಲಿ ಒಳ್ಳೆ ಕೂಲಿ ಇದೆ, ದಿನಕ್ಕೆ 80 ಯೂರೋ ಅಂತ ವಾಟ್ಸಾಪಿನಲ್ಲಿ ಬಂದ ಸಂದೇಶ ನಂಬಿ ಪ್ಯಾರಿಸ್ ಕಡೆಯಿಂದ ಬಂದವರು.

ಅವರು ಕೊಯ್ಯುತ್ತಿದ್ದುದು ಶಾಂಪೇನ್ ದ್ರಾಕ್ಷಿಯನ್ನು. ಮದುವೆ, ಹೊಸ ವರ್ಷ, ಕಾರ್ ರೇಸಿನ ಗೆಲುವು ಅಂದರೆ ಬಿರಡೆ ಹಾರಿಸುತ್ತಾರಲ್ಲ, ಅದೇ.

ಈ ಸುದ್ದಿ ಓದಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಯಂತ್ರ ಇದೆಯಲ್ಲ, ತರಬಾರದೇ? ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಯ್ಲು ಈಗ ಯಂತ್ರದಲ್ಲೇ ನಡೆಯುತ್ತದೆ. ಶಾಂಪೇನಿನಲ್ಲಿ ಮಾತ್ರ ಯಾಕೆ ಲಕ್ಷದಷ್ಟು ಜನ ಬಗ್ಗಿಕೊಂಡು ಕೊಯ್ಯಬೇಕು? ಹುಡುಕುತ್ತಾ ಹೋದರೆ ಪ್ರಶ್ನೆ ನಾನು ಅಂದುಕೊಂಡಷ್ಟು ಸುಲಭ ಇರಲಿಲ್ಲ.

ಕಪ್ಪು ದ್ರಾಕ್ಷಿ, ಬಿಳಿ ರಸ

ಶಾಂಪೇನ್ ಹೆಸರು ಹಾಕಬೇಕೆಂದರೆ ಒಂದು ನಿಯಮ ಇದೆ. ದ್ರಾಕ್ಷಿಯನ್ನು ಕೈಯಲ್ಲೇ ಕೊಯ್ಯಬೇಕು, ಗೊಂಚಲು ಇಡಿಯಾಗಿ ರಸ ಹಿಂಡುವ ಪ್ರೆಸ್‌ಗೆ, ಅಂದರೆ ಗಾಣಕ್ಕೆ, ಬರಬೇಕು. ಇದು ಸುಮ್ನೆ ಸಂಪ್ರದಾಯಕ್ಕೆ ಇಟ್ಟುಕೊಂಡದ್ದಲ್ಲ. ಅಲ್ಲಿ ಬೆಳೆಯುವ ಮುಖ್ಯ ತಳಿಗಳು ಮೂರು: ಪಿನೋ ನ್ವಾರ್, ಮ್ಯೂನಿಯೇ, ಶಾರ್ಡೊನೆ. ಮೊದಲ ಎರಡೂ ಕಪ್ಪು ದ್ರಾಕ್ಷಿ. ಬಣ್ಣ ಇರುವುದು ಸಿಪ್ಪೆಯಲ್ಲಿ, ಒಳಗಿನ ರಸಕ್ಕೆ ಬಣ್ಣವಿಲ್ಲ. ಕಾಯಿ ತೋಟದಲ್ಲೇ ಒಡೆದರೆ ರಸ ಸಿಪ್ಪೆಯ ಜೊತೆ ನೆನೆದು ಬಣ್ಣ ಇಳಿಯುತ್ತದೆ, ಒಗರು ಬರುತ್ತದೆ. ಗೊಂಚಲು ಇಡಿಯಾಗಿದ್ದರೆ ಮಧ್ಯದ ಕಡ್ಡಿಗಳ ಸಂದಿಯಲ್ಲಿ ರಸ ಹರಿದು ಹೋಗಲು ದಾರಿಯೂ ಸಿಗುತ್ತದೆ. ಜಾಸ್ತಿ ಹಿಂಡಬೇಕಾಗಿಲ್ಲ.

ಅಲ್ಲಿನ ಲೆಕ್ಕ ಎಷ್ಟು ಬಿಗಿ ಅಂದರೆ, ಒಂದು ಗಾಣ ಅಂದರೆ 4,000 ಕಿಲೋ ದ್ರಾಕ್ಷಿ. ಅದರಿಂದ 2,550 ಲೀಟರ್ ರಸ ತೆಗೆಯಬಹುದು, ಅದರ ಮೇಲೆ ಒಂದು ಲೀಟರೂ ಇಲ್ಲ. ಮೊದಲ 2,050 ಲೀಟರ್ ಉತ್ತಮ ರಸ, ಆಮೇಲಿನ 500 ಎರಡನೇ ದರ್ಜೆ. ಗೊಂಚಲು ತೊಟ್ಟಿನಿಂದ ಲೋಟದವರೆಗೆ ಪ್ರತಿ ಹೆಜ್ಜೆಗೂ ನಿಯಮ. ಬಳ್ಳಿ ಸವರುವ ರೀತಿಗೆ ನಿಯಮ, ಸಾಲಿನ ಅಂತರಕ್ಕೆ ನಿಯಮ, ಎಕರೆಗೆ ಎಷ್ಟು ಕೊಯ್ಯಬೇಕು ಅನ್ನೋದಕ್ಕೂ ನಿಯಮ.

ಕೊಯ್ಯುವವರು ಎಲ್ಲಿ ಮಲಗಬೇಕು, ಏನು ತಿನ್ನಬೇಕು ಅನ್ನುವುದು ಮಾತ್ರ ಈ ನಿಯಮಗಳ ಪುಸ್ತಕದಲ್ಲಿ ಬರುವುದಿಲ್ಲ. ಅದು ಬೇರೆ ಇಲಾಖೆ, ಬೇರೆ ಕಾನೂನು. ಈ ಇಡೀ ಪ್ರಕರಣದ ಗಂಟು ಇಲ್ಲೇ ಇದೆ ಅಂತ ನನಗನಿಸುತ್ತದೆ.

ಗುಡ್ಡದ ಆಚೆ: ಶಾಬ್ಲಿ

ಶಾಂಪೇನಿನ ದಕ್ಷಿಣದ ಭಾಗ ಓಬ್ ಜಿಲ್ಲೆಯಲ್ಲಿದೆ. ಅಲ್ಲಿಂದ ಬಿಳಿ ವೈನಿಗೆ ಹೆಸರಾದ ಶಾಬ್ಲಿ ಊರು ಹತ್ತಿರ, ಶಾಂಪೇನಿನ ರಾಜಧಾನಿಯಂತಿರುವ ಎಪೆರ್ನೆಯೇ ದೂರ. ಎರಡೂ ಕಡೆ ಅದೇ ಸುಣ್ಣಕಲ್ಲಿನ ನೆಲ. ಶಾರ್ಡೊನೆ ಎರಡೂ ಕಡೆ ಬೆಳೆಯುತ್ತದೆ. ಆದರೆ ಶಾಬ್ಲಿಯಲ್ಲಿ ಬಹುಪಾಲು ಕೊಯ್ಲು ಯಂತ್ರದ್ದು. ಅಲ್ಲಿ ನೊರೆಯಿಲ್ಲದ ಬಿಳಿ ವೈನ್ ಮಾಡುತ್ತಾರೆ, ದ್ರಾಕ್ಷಿಯೂ ಬಿಳಿ. ಬಣ್ಣ ಇಳಿಯುವ ಭಯವಿಲ್ಲ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡಬೇಕು. ಅದು ಕತ್ತರಿಸುವುದೇ ಇಲ್ಲ. ಎತ್ತರದ ನಾಲ್ಕು ಚಕ್ರದ ಗಾಡಿ ಒಂದು ಸಾಲನ್ನು ತನ್ನ ಎರಡು ಕಾಲುಗಳ ಮಧ್ಯೆ ಹಾಕಿಕೊಂಡು ಬರುತ್ತದೆ. ಹೊಟ್ಟೆಯ ಕೆಳಗೆ ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಸರಳುಗಳು. ಅವು ಬಳ್ಳಿಯನ್ನು ಪಟಪಟ ಅಲುಗಾಡಿಸುತ್ತವೆ. ಹಣ್ಣಾದ ಕಾಯಿ ತೊಟ್ಟಿನಿಂದ ಕಳಚಿ ಕೆಳಗೆ ಬೀಳುತ್ತದೆ. ಕೆಳಗಿರುವ ಬುಟ್ಟಿಗಳು ಹಿಡಿದು ಮೇಲಕ್ಕೆ ಒಯ್ಯುತ್ತವೆ, ಫ್ಯಾನು ಎಲೆಗಳನ್ನು ಆಚೆ ಊದುತ್ತದೆ. ನಮ್ಮಲ್ಲಿ ಹುಣಸೆಮರ ಅಲುಗಾಡಿಸಿ ಕೆಳಗೆ ಬಟ್ಟೆ ಹಾಸಿ ಹಿಡಿಯುವ ಹಾಗೆ. ಯಂತ್ರ ಹಾದುಹೋದ ಮೇಲೆ ಬಳ್ಳಿಯಲ್ಲಿ ಬರೀ ಕಡ್ಡಿಗಳು ಉಳಿದಿರುತ್ತವೆ. ಕಾಯಿಯಿಲ್ಲದ ಗೊಂಚಲು, ಹಲ್ಲು ಮುರಿದ ಬಾಚಣಿಗೆಯ ಹಾಗೆ ತೂಗುತ್ತಿರುತ್ತದೆ.

ಈ ಯಂತ್ರ ಅಮೆರಿಕದಲ್ಲಿ ಹುಟ್ಟಿತು. ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ನೆಲ್ಸನ್ ಶಾಲಿಸ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಬಳ್ಳಿಯನ್ನು ಕಟ್ಟುವ ವಿಧಾನವನ್ನೇ ಯಂತ್ರಕ್ಕೆ ಹೊಂದುವಂತೆ ಬದಲಿಸಿದರು. ಅಂದರೆ ಬಳ್ಳಿಗೆ ತಕ್ಕ ಯಂತ್ರ ಅಲ್ಲ, ಯಂತ್ರಕ್ಕೆ ತಕ್ಕ ಬಳ್ಳಿ. ಮುಂದಿನ ದಶಕದಲ್ಲಿ ಅದು ಫ್ರಾನ್ಸಿಗೂ ಬಂತು.

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. ಹತ್ತಾರು ಜನರ ದಿನದ ಕೆಲಸವನ್ನು ಒಬ್ಬ ಡ್ರೈವರ್ ಕೆಲವೇ ಗಂಟೆಗಳಲ್ಲಿ ಮುಗಿಸುತ್ತಾನೆ. ಮಳೆ ಬರುತ್ತದೆ ಅನ್ನುವ ಸೂಚನೆ ಸಿಕ್ಕರೆ ರಾತ್ರೋರಾತ್ರಿ ಕೊಯ್ದು ಮುಗಿಸಬಹುದು. ರಾತ್ರಿಯ ತಂಪಿನಲ್ಲಿ ಕೊಯ್ದ ಕಾಯಿ ಕೆಡುವುದು ನಿಧಾನ, ತಣ್ಣಗೆ ಮಾಡಲು ಕರೆಂಟೂ ಕಡಿಮೆ ಸಾಕು. ಬಿಸಿಲಲ್ಲಿ ಯಾರ ತಲೆಯೂ ಸುಡುವುದಿಲ್ಲ. ಇದು ಸಣ್ಣ ಮಾತಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಖರ್ಚಿನ ಚೀಟಿ. ಮೊದಲ ಸಾಲು ಮಣ್ಣಿನದು. ಟನ್‌ಗಟ್ಟಲೆ ತೂಗುವ ಗಾಡಿ, ಅದರ ಮೇಲೆ ದ್ರಾಕ್ಷಿಯ ಭಾರ. ಕೊಯ್ಲಿನ ಕಾಲವೇ ಮಳೆಯ ಕಾಲ. ಹಸಿ ಮಣ್ಣಿನ ಮೇಲೆ ಚಕ್ರ ಓಡಿದರೆ ಮಣ್ಣು ಇಟ್ಟಿಗೆಯಂತೆ ಒತ್ತಿಕೊಳ್ಳುತ್ತದೆ. ಆ ಜಾಡಿನಲ್ಲಿ ನೀರು ಇಂಗುವುದಿಲ್ಲ, ಇಳಿಜಾರಿದ್ದರೆ ಮಣ್ಣನ್ನೂ ಎಳೆದುಕೊಂಡು ಹರಿಯುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ಪ್ರತಿ ವರ್ಷ ಅದೇ ಜಾಡು. ಔಷಧಿ ಹೊಡೆಯುವ ಟ್ರ್ಯಾಕ್ಟರೂ ಇದನ್ನೇ ಮಾಡುತ್ತದೆ, ನಿಜ. ಆದರೆ ಕೊಯ್ಲಿನ ಯಂತ್ರದ ಭಾರವೇ ಬೇರೆ.

ಎರಡನೆಯದು ತೋಟದ ಆಕಾರ. ಯಂತ್ರಕ್ಕೆ ಸಾಲು ನೇರವಾಗಿರಬೇಕು, ಕಂಬಗಳು ಒಂದೇ ಅಳತೆಗಿರಬೇಕು, ಸಾಲಿನ ಕೊನೆಯಲ್ಲಿ ತಿರುಗಲು ಜಾಗ ಬೇಕು. ಆ ಜಾಗದಲ್ಲಿ ಮೊದಲು ಏನಿತ್ತು? ಪೊದೆ, ಬೇಲಿ, ಒಂದು ಒಂಟಿ ಮರ, ಕಲ್ಲಿನ ಗೋಡೆ. ಹಕ್ಕಿ, ಜೇಡ ಇರುವ ಜಾಗ ಅದೇ. ಯಂತ್ರ ಹತ್ತಲಾಗದ ಕಡಿದಾದ ಇಳಿಜಾರಿನಲ್ಲಿ ಕೊಯ್ಲು ದುಬಾರಿಯಾಗುತ್ತದೆ, ಆ ತುಂಡುಗಳು ಪಾಳು ಬೀಳುವ ಅಪಾಯ ಇದ್ದೇ ಇದೆ.

ಮೂರನೆಯದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಅಲುಗಾಡಿಸಿದಾಗ ದ್ರಾಕ್ಷಿ ಒಂದೇ ಬೀಳುತ್ತದಾ? ಬಸವನಹುಳು, ಜೀರುಂಡೆ, ಕೆಲವೊಮ್ಮೆ ಹಲ್ಲಿ, ತಂತಿಯ ಕ್ಲಿಪ್ಪು, ಎಲ್ಲ ಬೀಳುತ್ತವೆ. ಕೈಯಲ್ಲಿ ಕೊಯ್ಯುವವರು ಕೊಳೆತ ಗೊಂಚಲು ಕಂಡರೆ ಅಲ್ಲೇ ಬಿಡುತ್ತಾರೆ, ಹುಳ ಕಂಡರೆ ಕೊಡವುತ್ತಾರೆ. ಯಂತ್ರಕ್ಕೆ ಆ ಕಣ್ಣಿಲ್ಲ. ಕೆನಡಾದ ಒಂಟಾರಿಯೊದಲ್ಲಿ 2001ರಲ್ಲಿ ಏಷ್ಯಾ ಮೂಲದ ಗುಲಗಂಜಿ ಹುಳುಗಳು ದ್ರಾಕ್ಷಿಯ ಜೊತೆ ಸೇರಿ ಅರೆದುಹೋಗಿ, ಆ ವರ್ಷದ ಎಷ್ಟೋ ವೈನು ಕೆಟ್ಟ ವಾಸನೆ ಬಂದು ಹಾಳಾಯಿತು. ರಾತ್ರಿ ಕೊಯ್ಲಿನ ಕತೆ ಆಲಿವ್ ತೋಟಗಳಲ್ಲಿ ಇನ್ನೂ ಘೋರ. ಸ್ಪೇನಿನ ಆಂಡಲೂಸಿಯಾದಲ್ಲಿ ಇದೇ ಥರದ ಯಂತ್ರಗಳು ಮರದಲ್ಲಿ ಮಲಗಿದ್ದ ಹಕ್ಕಿಗಳನ್ನು ಕಾಯಿಯ ಜೊತೆ ಎಳೆದುಕೊಂಡವು. ಗಲಾಟೆಯಾಗಿ 2019ರಲ್ಲಿ ಅಲ್ಲಿ ರಾತ್ರಿ ಕೊಯ್ಲು ನಿಲ್ಲಿಸಬೇಕಾಯಿತು. ದ್ರಾಕ್ಷಿತೋಟದಲ್ಲಿ ಅಷ್ಟು ಹಕ್ಕಿ ಮಲಗುವುದಿಲ್ಲ, ಅಷ್ಟೇ ಸಮಾಧಾನ.

ನಮ್ಮ ಕಡೆ ಭತ್ತಕ್ಕೆ ಕಟಾವು ಯಂತ್ರ ಬಂದಾಗ ಎಲ್ಲರೂ ಕೂಲಿ ಉಳಿಯಿತು ಅಂದರು. ಹುಲ್ಲು ತುಂಡು ತುಂಡಾಗಿ ಮೇವಿಗೆ ಬಾರದೇ ಹೋದಾಗ ಹಸು ಸಾಕಿದ ಮನೆಯವರಿಗೆ ಲೆಕ್ಕ ಅರ್ಥವಾಯಿತು. ಯಂತ್ರದ ಖರ್ಚು ಬಿಲ್ಲಿನಲ್ಲಿ ಬರುವುದಿಲ್ಲ, ಬೇರೆಯವರ ಮನೆಗೆ ಹೋಗುತ್ತದೆ.

ಶಾಬ್ಲಿಯಲ್ಲಿ ಆ ಬೇರೆಯವರು ಯಾರು? ಕೊಯ್ಲಿಗೆ ಬರುತ್ತಿದ್ದವರು. ಅವರು ಈಗ ಬರುವುದಿಲ್ಲ. ಬಾರದವರು ದೂರು ಕೊಡುವುದೂ ಇಲ್ಲ. ಹಾಗಾಗಿ ಯಂತ್ರ ಇರುವ ಕಡೆ ಸಾಮಾಜಿಕ ನಷ್ಟ ಅನ್ನೋದು ಸುದ್ದಿಯೇ ಆಗುವುದಿಲ್ಲ.

ಗಣಿಯಿಂದ ಬರುತ್ತಿದ್ದವರು

ಶಾಂಪೇನಿನಲ್ಲಿ ಕೊಯ್ಲಿನ ತಂಡಕ್ಕೆ 'ಒರ್ದೋಂ' ಅನ್ನುತ್ತಾರೆ. ಹಿಂದೆ ಉತ್ತರ ಫ್ರಾನ್ಸ್ ಮತ್ತು ಲೊರೇನ್ ಕಡೆಯ ಗಣಿ ಕಾರ್ಮಿಕರ ಕುಟುಂಬಗಳು ವರ್ಷ ವರ್ಷವೂ ಒಂದೇ ತೋಟಕ್ಕೆ ಬರುತ್ತಿದ್ದವು. ಮಾಲೀಕನ ಮನೆಯಲ್ಲೇ ಊಟ, ಅಲ್ಲೇ ವಸತಿ. ಕೊನೆಯ ದಿನ 'ಕೋಶ್ಲೆ' ಅನ್ನುವ ಹಬ್ಬದೂಟ. ನಮ್ಮ ಸುಗ್ಗಿಯ ಊಟದ ಹಾಗೆ ಅಂದುಕೊಳ್ಳಿ. ಎಲ್ಲ ಬಂಗಾರದ ಕಾಲವಾಗಿತ್ತು ಅಂತ ನಾನು ಹೇಳುವುದಿಲ್ಲ. ಬೆನ್ನು ಆಗಲೂ ನೋಯುತ್ತಿತ್ತು. ಶಾಂಪೇನಿನ ಬಳ್ಳಿ ತುಂಬ ಗಿಡ್ಡ, ಗೊಂಚಲು ಮೊಣಕಾಲಿನ ಹತ್ತಿರ ಇರುತ್ತದೆ. ನಿಂತು ಕೊಯ್ಯಬೇಕಾದರೆ ಬಗ್ಗಲೇಬೇಕು. ಆದರೆ ಬಂದವರ ಹೆಸರು ಮಾಲೀಕನಿಗೆ ಗೊತ್ತಿತ್ತು.

ಗಣಿಗಳು ಮುಚ್ಚಿದವು. ಆಮೇಲೆ ವಿದ್ಯಾರ್ಥಿಗಳು, ಅಲೆಮಾರಿ ಕುಟುಂಬಗಳು, ಪೋಲೆಂಡ್, ಬಲ್ಗೇರಿಯಾ, ರೊಮೇನಿಯಾದವರು ಬಂದರು. ಉಳಿಸಿಕೊಂಡು ಊಟ ಹಾಕುವುದು ಮಾಲೀಕರಿಗೆ ತಲೆನೋವು. ಶಾಂಪೇನಿನಲ್ಲಿ ಸುಮಾರು 34,000 ಹೆಕ್ಟೇರು ತೋಟವನ್ನು 16,000ದಷ್ಟು ಬೆಳೆಗಾರರು ಹಂಚಿಕೊಂಡಿದ್ದಾರೆ. ತಲೆಗೆ ಎರಡು ಹೆಕ್ಟೇರು. ಅಷ್ಟು ಸಣ್ಣವರು ಹತ್ತು ದಿನದ ಕೆಲಸಕ್ಕೆ ಹಾಸ್ಟೆಲ್ ಕಟ್ಟುತ್ತಾರಾ? ಇಲ್ಲ. ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಗೆ. ಜನ ಬಂದು ಇಳಿಯುತ್ತಾರೆ, ಕೊಯ್ಯುತ್ತಾರೆ, ಹೋಗುತ್ತಾರೆ. ಕಬ್ಬು ಕಡಿಯುವ ಗ್ಯಾಂಗುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2023ರ ಕೊಯ್ಲು ಕಷ್ಟದ ಕೊಯ್ಲು. ಹವಾಮಾನ ಬಿಸಿಯಾಗುತ್ತಾ ಹೋದ ಹಾಗೆ ಶಾಂಪೇನಿನ ಕೊಯ್ಲು ಕೆಲವು ದಶಕಗಳ ಹಿಂದಿಗಿಂತ ಎರಡು ವಾರಕ್ಕೂ ಹೆಚ್ಚು ಮುಂಚೆ ಬರುತ್ತಿದೆ. ಮೊದಲು ಸೆಪ್ಟೆಂಬರ್ ಕೊನೆಯ ಚಳಿಯಲ್ಲಿ ಕೊಯ್ಯುತ್ತಿದ್ದವರು ಈಗ ಬೇಸಿಗೆಯ ಬಾಲದಲ್ಲಿ ಕೊಯ್ಯಬೇಕು. ಆ ವರ್ಷ ಗೊಂಚಲುಗಳು ಅಸಾಧಾರಣ ದಪ್ಪ, ಸರಾಸರಿ 200 ಗ್ರಾಂ ದಾಟಿದ್ದವು. ಜೊತೆಗೆ ಕೊಳೆ ರೋಗ. ಕೆಟ್ಟದ್ದನ್ನು ಬಿಡಿಸಿ ಬಿಡಿಸಿ ಕೊಯ್ಯಬೇಕು. ಉಷ್ಣಾಂಶ 30 ಡಿಗ್ರಿ ದಾಟಿತ್ತು. ಆ ಕೊಯ್ಲಿನಲ್ಲಿ ಶಾಂಪೇನಿನಲ್ಲೇ ಕನಿಷ್ಠ ನಾಲ್ಕು ಮಂದಿ ಕೊಯ್ಲಿನವರು ಸತ್ತರು. ಬಿಸಿಲೇ ಕಾರಣವಿರಬೇಕು ಎಂಬ ಅನುಮಾನ ದೇಶದ ತುಂಬ ಹಬ್ಬಿತು.

ಯಂತ್ರದ ಪರ ಇರುವ ಅತಿ ಬಲವಾದ ವಾದ ಇದೇ. ಬೆಳಗಿನ ಜಾವ 3 ಗಂಟೆಗೆ ಕ್ಯಾಬಿನ್ನಿನಲ್ಲಿ ಕೂತ ಡ್ರೈವರ್ ಬಿಸಿಲಿಗೆ ಸಾಯುವುದಿಲ್ಲ. ನಾನು ಇದನ್ನು ತಳ್ಳಿಹಾಕಲಾರೆ.

ಆದರೆ ನೆಲ್-ಲ-ರೆಪೋಂನಲ್ಲಿ ನಡೆದದ್ದು ಕೈ ಕೊಯ್ಲಿನ ತಪ್ಪಾ? ಲೆಕ್ಕ ಹಾಕೋಣ. ಆ ವರ್ಷ ಶಾಂಪೇನ್ ದ್ರಾಕ್ಷಿಗೆ ಕಿಲೋಗೆ ಸುಮಾರು 7 ಯೂರೋ. ಒಂದು ಬಾಟಲಿಗೆ 1.2 ಕಿಲೋ ಬೇಕು. ಅಂದರೆ ಬಾಟಲಿಯಲ್ಲಿ 8 ಯೂರೋಗೂ ಮೀರಿದ ದ್ರಾಕ್ಷಿ. ಈಗ ಒಬ್ಬ ದಿನಕ್ಕೆ 400 ಕಿಲೋ ಕೊಯ್ದ ಅಂತ ಇಟ್ಟುಕೊಳ್ಳಿ. ಹೇಳಿದ 80 ಯೂರೋ ಪೂರ್ತಿ ಕೊಟ್ಟರೂ ಕಿಲೋಗೆ 20 ಸೆಂಟ್. ಬಾಟಲಿಗೆ 24 ಸೆಂಟ್. ಕೂಲಿಯನ್ನು ಎರಡು ಪಟ್ಟು ಮಾಡಿದರೆ ಬಾಟಲಿಯ ಬೆಲೆಗೆ ಬೀಳುವ ಹೊರೆ ಇನ್ನೊಂದು 24 ಸೆಂಟ್. ಇಪ್ಪತ್ತೈದು ಮೂವತ್ತು ಯೂರೋ ಕೊಟ್ಟು ಬಾಟಲಿ ಕೊಳ್ಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆಗ ಫ್ರಾನ್ಸಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 11.52 ಯೂರೋ ಇತ್ತು, ಕಡಿತಗಳಿಗೆ ಮುಂಚೆ. 10 ಗಂಟೆ ದುಡಿದರೆ 115 ದಾಟಬೇಕು. 80 ಅನ್ನುವ ಆಮಿಷವೇ ಕಾನೂನಿಗಿಂತ ಕೆಳಗಿತ್ತು!

ಹಾಗಾಗಿ 'ಕೈ ಕೊಯ್ಲು ದುಬಾರಿ, ಅದಕ್ಕೇ ಹೀಗಾಯಿತು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಬಾಟಲಿಯಲ್ಲೇ ಇತ್ತು. ತೋಟದ ಸಾಲಿನವರೆಗೆ ಇಳಿಯಲಿಲ್ಲ.

ಕೋರ್ಟು, ಆಮೇಲೆ

ಪ್ರಕರಣ ಮಾನವ ಕಳ್ಳಸಾಗಣೆಯ ಆರೋಪದ ಮೇಲೆ ಶಾಲೋಂ-ಆಂ-ಶಾಂಪೇನ್ ಕೋರ್ಟಿಗೆ ಹೋಯಿತು. ಬೆಳಗ್ಗೆ 5ಕ್ಕೇ ಎಬ್ಬಿಸುತ್ತಿದ್ದರು, ಲಾರಿಯ ಹಿಂಭಾಗದಲ್ಲಿ ತುಂಬಿಕೊಂಡು ಹೋಗುತ್ತಿದ್ದರು, ತಿನ್ನಲು ಅನ್ನ ಮತ್ತು ಹಳಸಿದ ಸ್ಯಾಂಡ್‌ವಿಚ್ ಅಂತ ಕೆಲಸದವರು ಹೇಳಿದರು. 2025ರ ಜುಲೈ 21ರಂದು ತೀರ್ಪು ಬಂತು. ಕೂಲಿ ಪೂರೈಸುತ್ತಿದ್ದ ಕಂಪನಿಯ ಮುಖ್ಯಸ್ಥೆಗೆ 4 ವರ್ಷ ಶಿಕ್ಷೆ, ಅದರಲ್ಲಿ 2 ವರ್ಷ ಅಮಾನತು. ಇನ್ನಿಬ್ಬರಿಗೂ ಶಿಕ್ಷೆಯಾಯಿತು. ಕಂಪನಿಯನ್ನು ಮುಚ್ಚಲು ಆದೇಶ. ಸಂತ್ರಸ್ತರಿಗೆ ತಲಾ 4,000 ಯೂರೋ. ಒಂದು ವೈನ್ ಸಹಕಾರ ಸಂಘಕ್ಕೆ 75,000 ಯೂರೋ ದಂಡ.

ಆ ವರ್ಷ ಹೆಕ್ಟೇರಿಗೆ 11,400 ಕಿಲೋ ಕೊಯ್ಯಲು ಅನುಮತಿ ಇತ್ತು. ಕಿಲೋಗೆ 7ರಂತೆ ಸುಮಾರು 80,000 ಯೂರೋ. ದಂಡ ಒಂದು ಹೆಕ್ಟೇರಿನ ದ್ರಾಕ್ಷಿಯ ಬೆಲೆಗಿಂತ ಕಡಿಮೆ.

ಮಧ್ಯೆ ಸರ್ಕಾರ ಏನು ಮಾಡಿತು? 2024ರ ಜುಲೈನಲ್ಲಿ ಒಂದು ಆದೇಶ ಹೊರಡಿಸಿತು. ಕೈಯಲ್ಲೇ ಕೊಯ್ಯಬೇಕೆಂಬ ನಿಯಮ ಇರುವ ಕಡೆ, ಕೊಯ್ಲಿನ ಸಮಯದಲ್ಲಿ ಒಮ್ಮೆ ವಾರದ ರಜೆಯನ್ನು ರದ್ದು ಮಾಡಬಹುದು. ನಾಲ್ಕು ಸಾವುಗಳಾದ ಮರುವರ್ಷ ಸಿಕ್ಕ ಬದಲಾವಣೆ ಇದು. ಮಾರನೇ ವರ್ಷ ಬುದ್ಧಿ ಬಂತು ಅನ್ನಬೇಕು: 2025ರ ಜುಲೈ 1ರಿಂದ ಬಿಸಿಲಿನ ದಿನಗಳಿಗೆ ಹೊಸ ನಿಯಮ ಬಂದು, ನಲ್ಲಿ ಇಲ್ಲದ ಜಾಗದಲ್ಲಿ ತಲೆಗೆ ಕನಿಷ್ಠ 3 ಲೀಟರ್ ಕುಡಿಯುವ ನೀರು ಕೊಡಲೇಬೇಕು ಅಂತಾಯಿತು.

ಇನ್ನೊಂದು ಕಡೆಯಿಂದ ಯಂತ್ರದ ಸದ್ದು ಮೆಲ್ಲಗೆ ಕೇಳಿಸುತ್ತಿದೆ. ಶಾಂಪೇನಿನಲ್ಲಿ ಸಾಲಿನ ಅಂತರ 1.5 ಮೀಟರ್ ದಾಟುವಂತಿರಲಿಲ್ಲ. ಬೆಳೆಗಾರರ ಸಂಘ 2021ರಲ್ಲಿ ಅಗಲ ಸಾಲಿಗೆ, 2.2 ಮೀಟರ್‌ವರೆಗೆ, ಒಪ್ಪಿಗೆ ಕೊಟ್ಟಿತು. ಕಳೆನಾಶಕ ಕಡಿಮೆ ಆಗುತ್ತದೆ, ಹುಲ್ಲು ಬೆಳೆಸಬಹುದು, ಹೊಗೆ ಕಡಿಮೆ ಅನ್ನುವುದು ಅವರ ವಾದ. ಅದರಲ್ಲಿ ಸತ್ಯ ಇದೆ. ಕಾರ್ಮಿಕ ಸಂಘ ಸಿಜಿಟಿ ಕೂಡಲೇ ಎದ್ದು ನಿಂತಿತು. ಬಳ್ಳಿ ಕಡಿಮೆಯಾದರೆ ಚಳಿಗಾಲದ ಸವರುವ ಕೆಲಸ ಕಡಿಮೆ, ಇವತ್ತು ಸಾಲು ಅಗಲವಾದರೆ ನಾಳೆ ಅದೇ ಸಾಲಿನಲ್ಲಿ ಯಂತ್ರ ಬರುತ್ತದೆ ಅನ್ನುವುದು ಅವರ ಭಯ. ಪರಿಸರದ ಹೆಸರಿನಲ್ಲಿ ಕೂಲಿ ಕಳಚುವುದು ಹೊಸ ತಂತ್ರವೇನಲ್ಲ, ಹಾಗಂತ ಪರಿಸರದ ಮಾತೆಲ್ಲ ನೆಪವೂ ಅಲ್ಲ. ಎರಡೂ ಒಂದೇ ಸಾಲಿನಲ್ಲಿ ನಡೆಯುತ್ತಿವೆ.

ನಮಗೂ ಇದಕ್ಕೂ ಒಂದು ಎಳೆ ಇದೆ. ನಂದಿಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ವೈನ್ ದ್ರಾಕ್ಷಿ ಬೆಳೆಯಲು ಹೊರಟಾಗ ಜೊತೆಗಿದ್ದವರು ಜಾರ್ಜ್ ವೆಸೆಲ್, ಶಾಂಪೇನಿನ ಮಮ್ ಸಂಸ್ಥೆಯ ತಜ್ಞ. ಅಲ್ಲಿಂದ ತಳಿಯ ಜ್ಞಾನ ಬಂತು. ನಮ್ಮ ದ್ರಾಕ್ಷಿಯನ್ನೂ ಕೈಯಲ್ಲೇ ಕೊಯ್ಯುತ್ತಾರೆ, ಆದರೆ ಗೊಂಚಲಿನ ಕಾಳಜಿಗಲ್ಲ. ಕೂಲಿ ಅಗ್ಗ, ಅಷ್ಟೇ. ಇಲ್ಲಿ ಕೂಲಿ ಏರಿದ ದಿನ ಯಂತ್ರದ ಏಜೆಂಟರು ಬಾಗಿಲಿಗೆ ಬರುತ್ತಾರೆ.

ಮತ್ತೆ ಆ ಹಳ್ಳಿಗೆ ಬರೋಣ. ಪ್ರಕರಣದ ಸುತ್ತ ಸಿಜಿಟಿ ಒಂದು ಬೇಡಿಕೆ ಇಟ್ಟಿತು. ನನಗೆ ಇಡೀ ಕತೆಯಲ್ಲಿ ಅತಿ ಚುರುಕಾಗಿ ಕಂಡದ್ದು ಅದು. ಹೀಗೆ ಜನರನ್ನು ಹಿಂಸಿಸಿ ಕೊಯ್ಸಿದ ದ್ರಾಕ್ಷಿಗೆ ಶಾಂಪೇನ್ ಅನ್ನುವ ಹೆಸರನ್ನೇ ಕಿತ್ತುಹಾಕಿ ಅಂತ. ಯಂತ್ರದಲ್ಲಿ ಕೊಯ್ದರೆ ಹೆಸರು ಹೋಗುತ್ತದೆ ಅಲ್ವಾ? ಕಾಯಿ ಒಡೆದರೆ ಅದು ಶಾಂಪೇನ್ ಅಲ್ಲ ಅನ್ನುವ ಪುಸ್ತಕದಲ್ಲಿ, ಕೊಯ್ದವರನ್ನು ಉಪವಾಸ ಕೆಡವಿದರೂ ಅಲ್ಲ ಅಂತ ಇನ್ನೊಂದು ಸಾಲು ಬರೆಯಬಹುದು. ಹಾಗೆ ಬರೆದರೆ ದೊಡ್ಡ ಕಂಪನಿಗಳು ತಮ್ಮ ಮೇಸ್ತ್ರಿಯ ಮೇಸ್ತ್ರಿ ಯಾರು ಅಂತ ಬೆಳಗಾಗುವುದರೊಳಗೆ ಹುಡುಕಿಕೊಳ್ಳುತ್ತವೆ.

ಶಾಂಪೇನ್ ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಮಲಗಬೇಕು ಅನ್ನೋದೂ ನಿಯಮ. 2023ರ ದ್ರಾಕ್ಷಿಯ ಆ ಅವಧಿ 2025ರಲ್ಲೇ ಮುಗಿಯತೊಡಗಿತು, ವಿಚಾರಣೆ ಇನ್ನೂ ನಡೆಯುತ್ತಿದ್ದಾಗಲೇ.